ಹಿಮಕ್ಕಿಂತ ಗಾಳಿ ಘೋರ: ಸಿಯಾಚಿನ್ (2016) ಮತ್ತು ಸಹಸ್ರತಾಲ್ (2024) ದುರಂತಗಳ ತೌಲನಿಕ ಪರಿಶೀಲನೆ

ಬಯಲುನಾಡಿನ ಕನ್ನಡಿಗರಿಗೆ ಹಿಮ ಪರಿಚಯವಾಗುವುದು ಸುದ್ದಿಯ ಮೂಲಕ. ಹೀಗಾಗಿ ಪರ್ವತದಲ್ಲಿ ಸಾವೆಂದರೆ ಹಿಮದಡಿ ಹೂತುಹೋಗುವುದು ಇಲ್ಲವೇ ಕಂದರಕ್ಕೆ ಬೀಳುವುದು ಎಂಬ ತಿಳಿವಳಿಕೆ ಬೇರೂರಿದೆ. ಕರ್ನಾಟಕವನ್ನು ಕಲಕಿದ ಎರಡು ದುರಂತಗಳನ್ನು ಜೊತೆಗಿಟ್ಟು ನೋಡಿದರೆ ಬೇರೊಂದು ಕಾರಣ ಮುಂದೆ ಬರುತ್ತದೆ: ಗಾಳಿಗೆ ಮರೆಯಿಲ್ಲದಿರುವುದು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮಬಂಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ 10 ಯೋಧರು ಸಿಲುಕಿದರು, ಮೂವರು ಕರ್ನಾಟಕದವರು. ಠಾಣೆಯ ಎತ್ತರ ಸುಮಾರು 19,600 ಅಡಿ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರುವರಿ 8ರ ರಾತ್ರಿ, ಸುಮಾರು 25 ಅಡಿ ಹಿಮದಡಿಯಲ್ಲಿ, ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯ ಪ್ರಕಟಣೆ ಅವರಲ್ಲಿ ನಿರ್ಜಲೀಕರಣ, ನ್ಯುಮೋನಿಯಾ, ಯಕೃತ್ತು ಮತ್ತು ಮೂತ್ರಪಿಂಡಗಳ ವೈಫಲ್ಯವನ್ನು ಗುರುತಿಸಿತು. ಆದರೆ ಚಳಿಯಿಂದ ಚರ್ಮ ಕೊಳೆತಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಫೆಬ್ರುವರಿ 11ರಂದು ಅವರು ತೀರಿಕೊಂಡರು.

ಉತ್ತರಕಾಶಿಯ ಸಹಸ್ರತಾಲ್ ಸೋನಮ್ ಠಾಣೆಗಿಂತ ಬಹಳ ತಗ್ಗು, ಸುಮಾರು 4,400 ಮೀಟರ್ (14,400 ಅಡಿ). 2024ರ ಜೂನ್ 3ರಂದು ಕರ್ನಾಟಕದ 18, ಮಹಾರಾಷ್ಟ್ರದ ಒಬ್ಬರು ಮತ್ತು 3 ಮಾರ್ಗದರ್ಶಕರಿದ್ದ ಚಾರಣ ತಂಡ ಸರೋವರದಿಂದ ಶಿಬಿರಕ್ಕೆ ಮರಳುತ್ತಿದ್ದಾಗ ಹಿಮಗಾಳಿ ಎರಗಿತು. ದಾರಿ ಕಾಣದಾಯಿತು. ಡೇರೆಗಳು ತಲುಪಲಾಗದಷ್ಟು ದೂರದಲ್ಲಿದ್ದವು. ಬಯಲಲ್ಲೇ ಒಬ್ಬರಿಗೊಬ್ಬರು ಒತ್ತಿಕೊಂಡು ರಾತ್ರಿ ಕಳೆಯಬೇಕಾಯಿತು. 9 ಮಂದಿ ಸತ್ತರು, 13 ಮಂದಿ ಉಳಿದರು. ವಾಯುಪಡೆಯ ಹೆಲಿಕಾಪ್ಟರುಗಳು ಇಳಿದದ್ದು ಜೂನ್ 5ರಂದು.

ಹೆಚ್ಚು ಎತ್ತರದಲ್ಲಿ, ಕಡು ಚಳಿಯಲ್ಲಿ ಒಬ್ಬರು ಐದು ದಿನ ಜೀವ ಹಿಡಿದರೆ, ತಗ್ಗಿನಲ್ಲಿ, ಬೇಸಿಗೆಯಲ್ಲಿ ಒಂಬತ್ತು ಜನರ ಜೀವ ಹೋಯಿತು. ಇದನ್ನು ಛಲದಿಂದ ವಿವರಿಸುವುದು ಮಾಧ್ಯಮಗಳ ರೂಢಿ. ಶರೀರಶಾಸ್ತ್ರದ ವಿವರಣೆ ಬೇರೆ. ಮೈಯನ್ನು ಸುತ್ತಿದ ಬೆಚ್ಚನೆಯ ಗಾಳಿಪದರವನ್ನು ಬಿರುಗಾಳಿ ಕಿತ್ತೊಯ್ಯುತ್ತದೆ. ಬಟ್ಟೆ ಒದ್ದೆಯಾದರೆ ಶಾಖ ಇನ್ನೂ ಬೇಗ ಸೋರುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ನಡುಕ, ತೊದಲು, ತಪ್ಪು ನಿರ್ಧಾರ. 32ರ ಕೆಳಗೆ ನಡುಕವೂ ನಿಂತು ಅರಿವು ತಪ್ಪುತ್ತದೆ. ಹಿಮದೊಳಗಿನ ಪೊಳ್ಳಿನಲ್ಲಿ ಗಾಳಿ ಬೀಸುವುದಿಲ್ಲ, ಉಷ್ಣತೆಯೂ ಹೊರಗಿನಷ್ಟು ಇಳಿಯುವುದಿಲ್ಲ. ಕೊಪ್ಪದ ಅವರ ಕೈಕಾಲು ಕೊಳೆಯದಿದ್ದುದು ಇದಕ್ಕೆ ಒಪ್ಪುತ್ತದೆ.

ಹಾಗೆಂದು ಹಿಮವೇ ಕಾಯುತ್ತದೆಂದು ಹೇಳಲಾಗದು. ಅದೇ ಕುಸಿತದಲ್ಲಿ ಉಳಿದ ಒಂಬತ್ತು ಯೋಧರು ಸತ್ತರು. ಉಸಿರಾಡಲು ಪೊಳ್ಳು ಸಿಕ್ಕಿದವರಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಶೋಧದಲ್ಲೂ ವ್ಯತ್ಯಾಸವಿತ್ತು: ಸಿಯಾಚಿನ್‌ನಲ್ಲಿ ರೇಡಾರ್, ಶ್ವಾನದಳಗಳು ಇದ್ದವು. ಸಹಸ್ರತಾಲ್‌ನಲ್ಲಿ ಸುದ್ದಿ ಆಡಳಿತಕ್ಕೆ ಮುಟ್ಟಿದ್ದೇ ಮರುದಿನ.

ಆದ್ದರಿಂದ ಚಾರಣಕ್ಕೆ ಅನುಮತಿ ಕೊಡುವಾಗ ವೈದ್ಯಕೀಯ ಪ್ರಮಾಣಪತ್ರವೊಂದನ್ನೇ ನೋಡಿದರೆ ಸಾಲದು. ಶಿಖರಕ್ಕೋ ಸರೋವರಕ್ಕೋ ಹೋಗಿ ಬರುವ ದಿನವೂ ತುರ್ತು ಮರೆಯ ಹೊದಿಕೆ ಹೆಗಲ ಮೇಲಿರಬೇಕು, ಉಪಗ್ರಹ ಫೋನ್ ತಂಡದ ಜೊತೆಗಿರಬೇಕು, ಹಿಂತಿರುಗುವ ಗಂಟೆ ಮೊದಲೇ ಗೊತ್ತಾಗಿರಬೇಕು.