ಮೂರು ವಾರಕ್ಕೆ ಬಂದು ಹೋಗುವವರು

ಲೋಕಲ್ ಟ್ರೇನು ವಿಕ್ರೋಳಿ ಸ್ಟೇಶನ್ ದಾಟುವಾಗಲೆಲ್ಲ ನನಗೆ ಒಬ್ಬ ಅಜ್ಜಿಯ ನೆನಪಾಗುತ್ತದೆ. ನಮ್ಮ ಮನೆಯ ಅಜ್ಜಿ ಅಲ್ಲ, ಅಮೆರಿಕದ ಅಜ್ಜಿ. 1966ರಲ್ಲಿ, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿನಿಂದ ಲಿಲಿಯನ್ ಕಾರ್ಟರ್ ಎಂಬ ನರ್ಸ್ ಈ ವಿಕ್ರೋಳಿಗೆ ಬಂದಿದ್ದರು. ಗಂಡ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ದೊಡ್ಡ ಮಗನದು ಶೇಂಗಾ ವ್ಯಾಪಾರ, ಜೊತೆಗೆ ಒಂದಿಷ್ಟು ರಾಜಕೀಯ. ಮುಂದೆ ಆ ಮಗ ಅಮೆರಿಕದ ಅಧ್ಯಕ್ಷನಾಗುತ್ತಾನೆ ಅಂತ ಆಗ ಯಾರಿಗೆ ಗೊತ್ತಿತ್ತು?

ನಮ್ಮಲ್ಲಿ ಅರವತ್ತೆಂಟಕ್ಕೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಸೊಸೆಯ ಮೇಲಿನ ದೂರು. ಆಕೆ ಮಾತ್ರ ಪೀಸ್ ಕೋರ್ ಸೇರಿ, ತರಬೇತಿ ಮುಗಿಸಿ, ಗೋದ್ರೆಜ್ ಕಾಲೊನಿಗೆ ಬಂದಿಳಿದರು. ಮೊದಲು ಹಚ್ಚಿದ್ದು ಕುಟುಂಬ ಯೋಜನೆಯ ಕೆಲಸಕ್ಕೆ. ಅದು ಅವರಿಗೆ ಒಗ್ಗಲಿಲ್ಲ. ನಂತರ ಕಾಲೊನಿಯ ದವಾಖಾನೆಯಲ್ಲಿ ಇಂಜೆಕ್ಷನ್ ಕೊಡುವುದು, ಗಾಯ ತೊಳೆಯುವುದು, ಕುಷ್ಠರೋಗಿಗಳನ್ನು ನೋಡಿಕೊಳ್ಳುವುದು, ಹೀಗೆ ಇಪ್ಪತ್ತೊಂದು ತಿಂಗಳು ಕಳೆದರು. ಊರಿಗೆ ಬರೆದ ಅವರ ಪತ್ರಗಳು 1977ರಲ್ಲಿ ಪುಸ್ತಕವಾದವು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಅಮೆರಿಕದ ಪರವಾಗಿ ಅಂತ್ಯಕ್ರಿಯೆಗೆ ಬಂದ ನಿಯೋಗದ ಮುಖ್ಯಸ್ಥೆ ಇದೇ ಅಜ್ಜಿ. ಆಗ ವಿಕ್ರೋಳಿಗೂ ಒಮ್ಮೆ ಹೋಗಿ ಬಂದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹೊರಗಿನಿಂದ ಬಂದು ತಮ್ಮ ವಿದ್ಯೆಯನ್ನು ಪುಕ್ಕಟೆಯಾಗಿ ಕೊಟ್ಟು ಹೋಗುವವರದು ಒಂದು ದೊಡ್ಡ ಇತಿಹಾಸವೇ ಇದೆ. ಪರದೇಶದ ದಾನಿಗಳ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಆದರೆ ದುಡ್ಡಿನ ಬದಲು ದಿನಗಳನ್ನು ಕೊಟ್ಟವರ ಲೆಕ್ಕ ಯಾರೂ ಇಟ್ಟಂತೆ ಕಾಣುವುದಿಲ್ಲ. ಬ್ಯಾಂಕಿನವನಾದ ನನಗೆ ಈ ಲೆಕ್ಕ ಯಾವಾಗಲೂ ಕುತೂಹಲ.

ಪೀಸ್ ಕೋರ್ ಹುಟ್ಟಿದ್ದು 1961ರಲ್ಲಿ, ಕೆನಡಿಯವರ ಕಾಲದಲ್ಲಿ. ಭಾರತಕ್ಕೆ ಮೊದಲ ತಂಡ ಬಂದದ್ದೂ ಅದೇ ವರ್ಷದ ಕೊನೆಗೆ, ಪಂಜಾಬಿಗೆ. 1976ರಲ್ಲಿ ಆ ಕಾರ್ಯಕ್ರಮ ಇಲ್ಲಿ ನಿಂತೇ ಹೋಯಿತು. ಬಂದವರಲ್ಲಿ ಹೆಚ್ಚಿನವರು ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಇತಿಹಾಸದಲ್ಲೋ ಸಾಹಿತ್ಯದಲ್ಲೋ ಬಿಎ ಮಾಡಿದವರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ಕೋಳಿ ಸಾಕಣೆ ಹೇಳಿಕೊಡಲು ಹಳ್ಳಿಗೆ ಕಳಿಸಿದರೆ ಏನಾಗಬಹುದು ಹೇಳಿ. ಪ್ರೀತಿ ಬೆಳೆಯಿತು, ಹಿಂದಿ, ಮರಾಠಿ, ಕನ್ನಡ ಕಲಿತರು, ಕೆಲವರು ಮುಂದೆ ಭಾರತದ ಬಗ್ಗೆ ದೊಡ್ಡ ವಿದ್ವಾಂಸರೂ ಆದರು. ಆದರೆ ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದು ಅವರಲ್ಲೇ ಅನೇಕರು ಹೇಳಿಕೊಂಡಿದ್ದಾರೆ. (ಬಿಕಾಂ ಮಾಡಿದ ನನ್ನನ್ನು ಪ್ರೊಬೇಷನ್ನಿನಲ್ಲಿ ಕೃಷಿ ಸಾಲದ ತಪಾಸಣೆಗೆ ಕಳಿಸಿದ್ದರು. ಕಬ್ಬಿನ ಗದ್ದೆಯಲ್ಲಿ ನಿಂತ ನನ್ನನ್ನು ಕಂಡು ರೈತರು ನಕ್ಕದ್ದು ನೆನಪಿದೆ. ಹಾಗಾಗಿ ಆ ಹುಡುಗರ ಮೇಲೆ ನನಗೆ ವಿಶೇಷ ಸಹಾನುಭೂತಿ.)

ಅನುಭವ ಇಲ್ಲದವರನ್ನು ಎರಡು ವರ್ಷ ಕಳಿಸುವ ಬದಲು ಅನುಭವ ಇದ್ದವರನ್ನು ಎರಡು ಮೂರು ತಿಂಗಳು ಕಳಿಸಿದರೆ ಹೇಗೆ? ಈ ಯೋಚನೆಯಿಂದ 1964ರಲ್ಲಿ ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಎಕ್ಸಿಕ್ಯುಟಿವ್ ಸರ್ವಿಸ್ ಕೋರ್ ಶುರುವಾಯಿತು. ಅದರ ಹಿಂದೆ ಇದ್ದವರಲ್ಲಿ ಒಬ್ಬರು ನಮ್ಮದೇ ಕಸುಬಿನವರು, ಬ್ಯಾಂಕರ್ ಡೇವಿಡ್ ರಾಕ್‌ಫೆಲರ್. ನಿವೃತ್ತ ಮ್ಯಾನೇಜರುಗಳು, ಎಂಜಿನಿಯರುಗಳು ಸಂಬಳವಿಲ್ಲದೆ ಬಡ ದೇಶಗಳ ಕಾರ್ಖಾನೆಗಳಿಗೆ ಹೋಗಿ ಸಲಹೆ ಕೊಡುತ್ತಿದ್ದರು, ಖರ್ಚಿನ ಒಂದು ಪಾಲು ಆ ಕಾರ್ಖಾನೆಯವರದು. ಹೋದವರೆಲ್ಲ ವಯಸ್ಸಾದ, ತುಸು ಹೊಟ್ಟೆ ಬಂದ ಸಾಹೇಬರಾದ್ದರಿಂದ ಪತ್ರಿಕೆಗಳವರು ಪೀಸ್ ಕೋರ್ ಎಂಬುದನ್ನು ತಿರುಚಿ ‘ಪಾಂಚ್ ಕೋರ್’, ಅಂದರೆ ಡೊಳ್ಳುಹೊಟ್ಟೆ ದಳ, ಅಂತ ಹೆಸರಿಟ್ಟಿದ್ದರು. ಬ್ರಿಟಿಷರು 1972ರಲ್ಲಿ, ಡಚ್ಚರು 1978ರಲ್ಲಿ ಇಂಥದೇ ಸಂಸ್ಥೆ ಮಾಡಿದರು. 1983ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಸೀನಿಯರ್ ಎಕ್ಸ್‌ಪರ್ಟನ್ ಸರ್ವಿಸ್ ಬಂತು.

ಇವರೆಲ್ಲ ಪರಕೀಯರು. ಆದರೆ ಊರು ಬಿಟ್ಟುಹೋದ ಸ್ವಂತ ಮಕ್ಕಳ ವಿಷಯ? 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿದ ಮೇಲೆ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಸಾಲುಸಾಲಾಗಿ ಹೋದರು. ಪ್ರತಿಭಾ ಪಲಾಯನ ಎಂಬ ಮಾತು ನಮ್ಮ ಪ್ರಬಂಧ ಸ್ಪರ್ಧೆಗಳ ಖಾಯಂ ವಿಷಯವಾದದ್ದು ಹೀಗೆ. ಮುಂಬೈಯಲ್ಲೇ ಹುಟ್ಟಿದ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಎಪ್ಪತ್ತರ ದಶಕದಲ್ಲಿ ಒಂದು ಸಲಹೆ ಕೊಟ್ಟರು. ಹೀಗೆ ಹೋದವರ ಆದಾಯದ ಮೇಲೆ ಒಂದಿಷ್ಟು ತೆರಿಗೆ ಹಾಕಿ, ಅದನ್ನು ಬಡ ದೇಶಗಳ ಅಭಿವೃದ್ಧಿಗೆ ಬಳಸಿ ಎಂದು. ಚರ್ಚೆ ಜೋರಾಗಿ ನಡೆಯಿತು, ತೆರಿಗೆ ಮಾತ್ರ ಬರಲಿಲ್ಲ.

ದುಡ್ಡು ಕೇಳುವ ಬದಲು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ರಜೆ ಕೇಳಿದರು. 1977ರಲ್ಲಿ ಟರ್ಕಿಯಲ್ಲಿ ಶುರುವಾದ ಆ ಯೋಜನೆಗೆ ಟೋಕ್ಟೆನ್ ಎಂದು ಹೆಸರು. ಹೊರದೇಶದಲ್ಲಿ ನೆಲೆಸಿದ ತಜ್ಞ ತನ್ನ ಹುಟ್ಟಿದ ದೇಶಕ್ಕೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬಂದು ಕೆಲಸ ಮಾಡಬೇಕು. ವಿಮಾನದ ಟಿಕೆಟ್ಟು ಮತ್ತು ದಿನಭತ್ಯೆ ಕೊಡುತ್ತಾರೆ, ಸಲಹೆಗಾರರ ಫೀಸು ಇಲ್ಲ. ದುಬಾರಿ ಪರದೇಶಿ ತಜ್ಞನಿಗೆ ತಗಲುವ ಖರ್ಚಿನ ಒಂದು ಸಣ್ಣ ಭಾಗದಲ್ಲಿ ಕೆಲಸ ಆಗುತ್ತಿತ್ತು. ಮೇಲಾಗಿ ಬಂದವನಿಗೆ ಭಾಷೆ ಗೊತ್ತು, ಆಫೀಸಿನಲ್ಲಿ ಫೈಲು ಎಲ್ಲಿ ಕೂರುತ್ತದೆ, ಯಾಕೆ ಕೂರುತ್ತದೆ ಎಂಬುದೂ ಗೊತ್ತು! ಭಾರತದಲ್ಲಿ ಎಂಬತ್ತರ ದಶಕದಲ್ಲಿ ಇದರ ಉಸ್ತುವಾರಿ ಸಿಎಸ್‌ಐಆರ್‌ನವರದು. 1994ರಲ್ಲಿ ಯೋಜನೆ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗಕ್ಕೆ ಸೇರಿತು. ಆಫ್ರಿಕಾದ ಮಾಲಿ ದೇಶದಲ್ಲಿ ಫ್ರಾನ್ಸಿನಲ್ಲಿದ್ದ ಪ್ರೊಫೆಸರುಗಳು ಬಂದು ಬಮಾಕೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಹೋದರು. ನಮ್ಮ ಸರಕಾರ 2017ರಲ್ಲಿ ತಂದ ವಜ್ರ ಯೋಜನೆಯಲ್ಲೂ ಹೊರಗಿನ ವಿಜ್ಞಾನಿ ವರ್ಷಕ್ಕೆ ಒಂದರಿಂದ ಮೂರು ತಿಂಗಳು ಬಂದು ಇಲ್ಲಿ ಸಂಶೋಧನೆ ಮಾಡಬೇಕೆಂಬ ಏರ್ಪಾಡು.

ಕಾಗದದ ಮೇಲೆ ಎಲ್ಲ ಚೆಂದ. ಆದರೆ ತಜ್ಞ ವಾಪಸು ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಆಫೀಸಿನಲ್ಲಿ ಏನಾಗುತ್ತದೆ? ನನ್ನ ಮಟ್ಟಿಗೆ ಈ ಇತಿಹಾಸವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಅದಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆ ಇದೆ. ಸ್ಯಾಮ್ ಪಿತ್ರೋಡಾ 1964ರಲ್ಲಿ ಶಿಕಾಗೋಗೆ ಹೋದವರು, ಟೆಲಿಫೋನ್ ಸ್ವಿಚ್ಚಿಂಗ್‌ನಲ್ಲಿ ಹೆಸರು ಮತ್ತು ಹಣ ಎರಡನ್ನೂ ಮಾಡಿದವರು. ಎಂಬತ್ತರ ದಶಕದ ಶುರುವಿನಲ್ಲಿ ದಿಲ್ಲಿಗೆ ಬಂದಾಗ ಹೋಟೆಲಿನಿಂದ ಹೆಂಡತಿಗೆ ಒಂದು ಫೋನ್ ಮಾಡಲು ಆಗದೆ ರೇಗಿಹೋದ ಕಥೆ ಅವರೇ ಹೇಳಿದ್ದು. ಮೊದಮೊದಲು ಅವರೂ ಹೋಗಿ ಬಂದು ಮಾಡಿದವರೇ. 1984ರ ಆಗಸ್ಟಿನಲ್ಲಿ ಸಿ-ಡಾಟ್ ಸ್ಥಾಪನೆಯಾಯಿತು. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ ಎಂಬ ಮಾತು ಕೊಟ್ಟು, ವರ್ಷಕ್ಕೆ ಒಂದು ರೂಪಾಯಿ ಸಂಬಳಕ್ಕೆ ನಿಂತರು.

ಹೊಗಳಿಕೆಯೆಲ್ಲ ಪಿತ್ರೋಡಾ ಅವರಿಗೇ ಹೋಗುತ್ತದೆ, ಹೋಗಲಿ. ಆದರೆ ಅವರು ಬರುವ ಮೊದಲೇ ಇಲ್ಲಿ ಕೆಲಸ ನಡೆದಿತ್ತು. ನಮ್ಮ ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಎಂ.ವಿ. ಪಿಟ್ಕೆ, ದಿಲ್ಲಿಯ ಟೆಲಿಕಾಂ ಸಂಶೋಧನಾ ಕೇಂದ್ರದಲ್ಲಿ ಜಿ.ಬಿ. ಮೀಮಾಂಸಿ, ಅವರ ಜೊತೆಯ ಎಂಜಿನಿಯರುಗಳು ಈ ಬಗೆಯ ಸ್ವಿಚ್ಚಿನ ಮೇಲೆ ತಲೆ ಕೆಡಿಸಿಕೊಂಡಿದ್ದವರು. ಅವರೊಂದಿಗೆ ದಿಲ್ಲಿ, ಬೆಂಗಳೂರುಗಳಲ್ಲಿ ನೂರಾರು ಹರೆಯದ ಎಂಜಿನಿಯರುಗಳು ಸೇರಿಕೊಂಡರು. ಏರ್‌ಕಂಡೀಷನ್ ಇಲ್ಲದೆ, ಧೂಳು ಸೆಕೆ ತಡೆದುಕೊಂಡು ನಡೆಯುವ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ತಯಾರಾಯಿತು. ಮೊದಲನೆಯದನ್ನು 1986ರಲ್ಲಿ ಎಲ್ಲಿ ಕೂರಿಸಿದರು ಗೊತ್ತೇ? ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ! ನಾನು ಮುಂಬೈಗೆ ಬಂದ ಹೊಸತರಲ್ಲಿ ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತಿನ ಸಾಲಿನಲ್ಲಿ ನಿಂತು, ಮೀಟರಿನ ಕೆಂಪು ಅಂಕಿ ನೋಡುತ್ತಾ ಅವ್ವನ ಜೊತೆ ಮಾತಾಡಿದ್ದು ಇಂಥ ಎಕ್ಸ್‌ಚೇಂಜುಗಳ ದೆಸೆಯಿಂದ. ನಿಮ್ಮಲ್ಲಿ ಬಹಳ ಜನ ಆ ಸಾಲಿನಲ್ಲಿ ನಿಂತವರೇ ಅಲ್ಲವೇ?

ಇನ್ನು ನನ್ನ ಸ್ವಂತ ಕಥೆ. ಹತ್ತು ವರ್ಷದ ಹಿಂದೆ ಜಾತ್ರೆಗೆ ಊರಿಗೆ ಹೋದಾಗ ನಮ್ಮ ಕಾಕಾ ಒಬ್ಬರು ಹಿಡಿದುಕೊಂಡರು. “ತಮ್ಮಾ, ಮುಂಬೈದಾಗ ಇಷ್ಟ ವರ್ಷ ಬ್ಯಾಂಕಿನ್ಯಾಗ ಕುಂತೀದಿ. ನಮ್ಮ ಸೊಸೈಟಿ ಲೆಕ್ಕಾ ಒಂದೀಟು ನೋಡಿ ಕೊಡು. ಊರಿಗೆ ಅಷ್ಟರ ಮಾಡು.” ಹಾಗೆ ನಾನೂ ಒಬ್ಬ ಟೋಕ್ಟೆನ್ ಆದೆ! ವಿಮಾನದ ಟಿಕೆಟ್ಟು ಇಲ್ಲ, ದಿನಭತ್ಯೆಗೆ ರೊಟ್ಟಿ, ಎಣ್ಣೆಗಾಯಿ. ಹತ್ತು ದಿನ ರಜೆ ಹಾಕಿ ಕೂತೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತಿರಲಿಲ್ಲ, ವರ್ಷಗಳಿಂದ ವ್ಯತ್ಯಾಸವನ್ನೆಲ್ಲ ಸಸ್ಪೆನ್ಸ್ ಖಾತೆಗೆ ತಳ್ಳಿದ್ದರು. ರಾತ್ರಿ ಹಗಲು ಕೂತು ಸರಿಮಾಡಿದೆ, ಹೊಸ ರಜಿಸ್ಟರ್ ಗೆರೆ ಹೊಡೆದು ಕೊಟ್ಟೆ, ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಮರುವರ್ಷ ಹೋಗಿ ನೋಡಿದರೆ ಆ ರಜಿಸ್ಟರಿನಲ್ಲಿ ಕೊನೆಯ ಅಕ್ಷರ ನನ್ನದೇ. ಸೆಕ್ರೆಟರಿ ಬದಲಾಗಿದ್ದರು, ಹೊಸಬರಿಗೆ ಅದು ಇದೆ ಎಂಬುದೇ ಗೊತ್ತಿರಲಿಲ್ಲ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಊರ ಜನರ ಮೇಲೆ ಬಂದ ಸಿಟ್ಟು ಬಸ್ಸಿನಲ್ಲಿ ಬರುವಾಗ ನನ್ನ ಮೇಲೇ ತಿರುಗಿತು. ಹತ್ತು ದಿನದಲ್ಲಿ ಲೆಕ್ಕವನ್ನೆಲ್ಲ ನಾನೇ ಬರೆದಿದ್ದೆ. ಬಾಜೂಕ್ಕೆ ಯಾರನ್ನೂ ಕೂಡಿಸಿಕೊಂಡಿರಲಿಲ್ಲ.

ಮುಂದಿನ ಸಲ ಹೋದಾಗ ಸೊಸೈಟಿಯಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಳು, ಬೈಲಹೊಂಗಲದಲ್ಲಿ ಬಿಕಾಂ ಮಾಡಿದವಳು. ಈ ಸಲ ಪೆನ್ನು ಅವಳ ಕೈಗೆ ಕೊಟ್ಟು ನಾನು ಸುಮ್ಮನೆ ಕೂತೆ. ಡಿಸಿಸಿ ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಪುಸ್ತಕಕ್ಕೂ ತಾಳೆ ಹಾಕಲು ಐದು ದಿನ ಹಿಡಿಯಿತು. ನಾನೇ ಮಾಡಿದ್ದರೆ ಒಂದು ದಿನದ ಕೆಲಸ. ಆಮೇಲಿನಿಂದ ತಿಂಗಳ ಕೊನೆಗೆ ವಾಟ್ಸಾಪಿನಲ್ಲಿ ಲೆಡ್ಜರಿನ ಫೋಟೋ ಬರುತ್ತದೆ, ಸಂಶಯ ಇದ್ದರೆ ಫೋನು.

ಕಳೆದ ತಿಂಗಳು ಬೆಳೆಸಾಲದ ಬಡ್ಡಿ ಲೆಕ್ಕ ಹೇಳುತ್ತಾ, ಶೂನ್ಯ ಬಡ್ಡಿಗೆ ಮಿತಿ ಮೂರು ಲಕ್ಷ, ಅದರ ಮೇಲಿನದನ್ನು ಬೇರೆ ಹಿಡಿ ಅಂದೆ. ಆ ಕಡೆಯಿಂದ ನಕ್ಕಳು.

“ಕಾಕಾ, ಐದು ಲಕ್ಷ ರೀ. 2023ರಾಗನ ಬದಲಾಗೇತಿ. ನೀವು ಮುಂಬೈದಾಗ ಅದೀರಿ, ನಿಮಗ ಹೆಂಗ ಗೊತ್ತಾಗಬೇಕ ಬಿಡ್ರಿ.”