ಸಂಕಷ್ಟಕಾಲದ ನಂತರ ಮಹಿಳಾ ಸ್ವಸಹಾಯ ಸಂಘಗಳ ಹಾಗೂ ಒಕ್ಕೂಟಗಳ ಪುನಶ್ಚೇತನ

ರಾಜ್ಯದ ಗ್ರಾಮೀಣ ಪ್ರದೇಶಗಳಲ್ಲಿ ಸಂಜೀವಿನಿ ಯೋಜನೆಯಡಿ ಮಹಿಳಾ ಸ್ವಸಹಾಯ ಸಂಘಗಳನ್ನು ವಾರ್ಡ್ ಮಟ್ಟದ ಹಾಗೂ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳಾಗಿ ಸಂಘಟಿಸಲಾಗಿರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಮಲಪ್ರಭಾ ಹಾಗೂ ಘಟಪ್ರಭಾ ನದಿಗಳ ಪ್ರವಾಹದಿಂದ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ಜಲಾವೃತಗೊಂಡವು. ಇದರ ಬೆನ್ನಲ್ಲೇ 2020ರ ಮಾರ್ಚ್ 25ರಿಂದ ಕೋವಿಡ್-19 ಲಾಕ್‌ಡೌನ್ ಜಾರಿಗೆ ಬಂದಿತು. ಸಭೆಗಳು ನಿಂತವು, ಸಭೆಯೊಂದಿಗೆ ಉಳಿತಾಯವೂ ನಿಂತಿತು. ಇಂತಹ ಸಂಕಷ್ಟದಿಂದ ಸ್ಥಗಿತಗೊಂಡ ಸಂಘಗಳನ್ನು ಪುನಃ ಸಕ್ರಿಯಗೊಳಿಸಲು ಇಚ್ಛಿಸುವ ಸದಸ್ಯರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ನಿಷ್ಕ್ರಿಯ ಸಂಘವು ಬ್ಯಾಂಕ್ ಸಾಲಕ್ಕೆ ಅರ್ಹವೇ?

ಅರ್ಹವಾಗಿರುತ್ತದೆ. ಹೊಸ ಸಂಘವು ಮೊದಲ ಸಾಲ ಪಡೆಯಲು ಕನಿಷ್ಠ 6 ತಿಂಗಳು ಸಕ್ರಿಯವಾಗಿರಬೇಕು. ಆದರೆ ನಿಷ್ಕ್ರಿಯಗೊಂಡಿದ್ದ ಸಂಘವು ಪುನಶ್ಚೇತನಗೊಂಡು ಕನಿಷ್ಠ 3 ತಿಂಗಳು ಸಕ್ರಿಯವಾಗಿ ನಡೆದಲ್ಲಿ ಸಾಲಕ್ಕೆ ಅರ್ಹವೆಂದು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಲ್ಲಿ ತಿಳಿಸಲಾಗಿದೆ. ಹಳೆಯ ಸಂಘವನ್ನು ಕೈಬಿಟ್ಟು ಹೊಸ ಹೆಸರಿನಲ್ಲಿ ಸಂಘ ರಚಿಸುವುದು ಸುಲಭವೆಂಬ ಭಾವನೆ ಹಲವೆಡೆ ಕಂಡುಬರುತ್ತದೆ. ಇದರಿಂದ ಹಳೆಯ ಬಾಕಿ ತೀರುವುದಿಲ್ಲ. ಸದಸ್ಯರ ಹಿಂದಿನ ಉಳಿತಾಯವು ಮಾತ್ರ ವಿವಾದಕ್ಕೆ ಒಳಗಾಗುತ್ತದೆ.

ಸಕ್ರಿಯತೆಯನ್ನು ಪಂಚಸೂತ್ರಗಳ ಆಧಾರದ ಮೇಲೆ ಅಳೆಯಲಾಗುತ್ತದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲದಲ್ಲಿ ಮರುಪಾವತಿ ಹಾಗೂ ಕ್ರಮಬದ್ಧ ಲೆಕ್ಕಪತ್ರ, ಇವೇ ಪಂಚಸೂತ್ರಗಳು.

ಲೆಕ್ಕಪತ್ರಗಳನ್ನು ಸರಿಪಡಿಸುವ ಬಗ್ಗೆ

ಪುನಶ್ಚೇತನದ ಮೊದಲ ಕೆಲಸ ಹೊಸ ಸಾಲದ ಅರ್ಜಿಯಲ್ಲ, ಹಳೆಯ ಲೆಕ್ಕದ ತೀರ್ಮಾನ. ಬಾಕಿ ಯಾರದ್ದೆಂದು ತಿಳಿಯದ ಸಂಘದಲ್ಲಿ ಸದಸ್ಯರು ಪರಸ್ಪರ ಎದುರು ಕೂರಲು ಹಿಂಜರಿಯುತ್ತಾರೆ. ನಡಾವಳಿ ಪುಸ್ತಕ ಹಾಗೂ ನಗದು ಪುಸ್ತಕಗಳು ನೀರುಪಾಲಾಗಿದ್ದಲ್ಲಿ, ಬ್ಯಾಂಕಿನಿಂದ ಸಂಘದ ಉಳಿತಾಯ ಮತ್ತು ಸಾಲ ಖಾತೆಗಳ ವಿವರ ಪಟ್ಟಿಯನ್ನು ಪಡೆದು, ಸದಸ್ಯರ ಬಳಿ ಉಳಿದಿರುವ ಪಾಸ್ ಪುಸ್ತಕಗಳೊಂದಿಗೆ ತಾಳೆ ನೋಡತಕ್ಕದ್ದು. ಪ್ರತಿ ಸದಸ್ಯರ ಉಳಿತಾಯ ಹಾಗೂ ಬಾಕಿಯನ್ನು ಸಭೆಯಲ್ಲಿ ಓದಿ ಹೇಳಿ, ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯುವುದು ಸೂಕ್ತ. ಈ ಕಾರ್ಯದಲ್ಲಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ನೆರವನ್ನು ಪಡೆಯಬಹುದು.

2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿತ್ತು. ಅದು ಸಾಲ ಮನ್ನಾ ಆಗಿರಲಿಲ್ಲ. ಆ ಅವಧಿಯ ಬಡ್ಡಿಯೂ ಅಸಲಿನ ಮೇಲೆ ಬೆಳೆಯಿತು. ಅಂದಿನ ಸಾಲ ಇನ್ನೂ ಬಾಕಿ ಇದ್ದು, ಮೊತ್ತವು ಸದಸ್ಯರ ಲೆಕ್ಕಕ್ಕಿಂತ ಹೆಚ್ಚಾಗಿ ಕಂಡುಬಂದಲ್ಲಿ ಮೊದಲು ಈ ಅಂಶವನ್ನು ಪರಿಶೀಲಿಸತಕ್ಕದ್ದು. ಕಂತು 90 ದಿನಗಳಿಗೂ ಮೀರಿ ಬಾಕಿ ಉಳಿದ ಸಾಲವು ಅನುತ್ಪಾದಕ ಆಸ್ತಿಯಾಗಿ ವರ್ಗೀಕರಣಗೊಳ್ಳುವುದರಿಂದ, ಶಾಖಾ ವ್ಯವಸ್ಥಾಪಕರನ್ನು ಖುದ್ದಾಗಿ ಭೇಟಿ ಮಾಡಿ ಮರುಪಾವತಿಯ ಬಗ್ಗೆ ಚರ್ಚಿಸುವುದು ಅವಶ್ಯಕ.

ಬಾಕಿ ಉಳಿಸಿಕೊಂಡ ಸದಸ್ಯರು

ಪತಿಯ ಕೂಲಿ ನಿಂತು ಅಥವಾ ಮನೆ ಕುಸಿದು ಕಂತು ಕಟ್ಟಲಾಗದ ಸದಸ್ಯೆಯನ್ನು ಸಂಘದಿಂದ ಹೊರಗಿಡುವುದು ಪರಿಹಾರವಲ್ಲ. ಹಾಗೆ ಹೊರಬಿದ್ದ ಮಹಿಳೆಗೆ ಹೆಚ್ಚಿನ ಬಡ್ಡಿಯ ಖಾಸಗಿ ಸಾಲವೇ ಉಳಿಯುವ ದಾರಿ. ಕೆಲವು ಸದಸ್ಯರು ಬ್ಯಾಂಕಿಗೆ ವೈಯಕ್ತಿಕವಾಗಿ ಸುಸ್ತಿದಾರರಾಗಿದ್ದರೂ, ಸಂಘವೇ ಸುಸ್ತಿಯಲ್ಲಿಲ್ಲದಿದ್ದಲ್ಲಿ, ಸಂಘಕ್ಕೆ ಸಾಲ ನೀಡಲು ಅದು ಸಾಮಾನ್ಯವಾಗಿ ಅಡ್ಡಿಯಾಗಬಾರದು. ಆದರೆ ಸದರಿ ಸಾಲದ ಹಣವನ್ನು ಅಂತಹ ಸುಸ್ತಿದಾರ ಸದಸ್ಯರಿಗೆ ನೀಡುವಂತಿಲ್ಲ.

ಒಕ್ಕೂಟಗಳ ಪಾತ್ರ

ಕೇವಲ ಸಾಲ ವಸೂಲಿಗೆ ಸೀಮಿತವಾದ ಒಕ್ಕೂಟವು ಸಂಕಷ್ಟದ ನಂತರ ಚೇತರಿಸಿಕೊಳ್ಳುವುದು ಕಷ್ಟ. ಲಾಕ್‌ಡೌನ್ ಅವಧಿಯಲ್ಲಿ ಸ್ವಸಹಾಯ ಸಂಘಗಳು ಮುಖಗವಸುಗಳನ್ನು ಹೊಲಿದು ಪೂರೈಸಿದವು. ಆ ಬೇಡಿಕೆ ಬಹುಕಾಲ ಉಳಿಯಲಿಲ್ಲವಾದರೂ, ಊರಿಗೆ ಬೇಕಾದ ಕೆಲಸವನ್ನು ಒಕ್ಕೂಟವು ವಹಿಸಿಕೊಳ್ಳಬಲ್ಲದೆಂಬುದು ಮನವರಿಕೆಯಾಯಿತು. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳು ಒಪ್ಪಂದದ ಮೂಲಕ ಘನತ್ಯಾಜ್ಯ ನಿರ್ವಹಣೆಯನ್ನು ಒಕ್ಕೂಟಗಳಿಗೆ ವಹಿಸಿದ್ದು, ಕಸ ಸಂಗ್ರಹಣಾ ವಾಹನಗಳನ್ನು ಮಹಿಳೆಯರೇ ಚಲಾಯಿಸುತ್ತಿರುವ ನಿದರ್ಶನಗಳಿವೆ. ಇಂತಹ ಕೆಲಸ ವಹಿಸಿಕೊಳ್ಳುವ ಒಕ್ಕೂಟವು ಮುಂಚಿತವಾಗಿ ಸಭೆಯಲ್ಲಿ ನಿರ್ಣಯ ಕೈಗೊಂಡು, ಕೂಲಿ, ಇಂಧನ ಹಾಗೂ ದುರಸ್ತಿ ವೆಚ್ಚ ಯಾರದೆಂಬುದನ್ನು ಒಪ್ಪಂದದಲ್ಲಿ ನಮೂದಿಸಿಕೊಳ್ಳತಕ್ಕದ್ದು.

ಸಾಲ ನಿರಾಕರಣೆ

ಸ್ವಸಹಾಯ ಸಂಘಗಳ 10 ಲಕ್ಷ ರೂ.ವರೆಗಿನ ಸಾಲಕ್ಕೆ ಬ್ಯಾಂಕುಗಳು ಆಧಾರ ಭದ್ರತೆಯನ್ನಾಗಲಿ, ಠೇವಣಿಯನ್ನಾಗಲಿ ಕೇಳುವಂತಿಲ್ಲ. ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕ್ರಮವಹಿಸಿದಲ್ಲಿ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ತೃಪ್ತಿಕರವಾಗಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ.