‘ನಾಗರಹಾವೆ’ಯ ಪ್ರಾಸ: ಪಂಜೆಯವರ ಪ್ರಭಾವದ ಬಗ್ಗೆ ಒಂದು ತಕರಾರು

ಹೊಸಗನ್ನಡ ಕಾವ್ಯದ ಚರಿತ್ರೆ ಬರೆಯುವವರಿಗೆ ಬಂಟ್ವಾಳದ ಪಂಜೆ ಮಂಗೇಶರಾಯರು (1874–1937) ಒಂದು ಇರುಸುಮುರುಸು. ಬಿಡುವಂತಿಲ್ಲ, ಕೂರಿಸಲು ಜಾಗ ಸಿಗುವುದಿಲ್ಲ. 1926ರ ‘ಇಂಗ್ಲಿಷ್ ಗೀತೆಗಳು’ ಎಂಬ ಮೈಲಿಗಲ್ಲನ್ನು ಮೊದಲೇ ನೆಟ್ಟುಕೊಂಡವರು ಪಂಜೆಯವರನ್ನು ಅದರ ಹಿಂದಿನ ಪುಟದಲ್ಲಿ ‘ಮಕ್ಕಳ ಕವಿ’ ಎಂದು ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಅದಕ್ಕಿಂತ ಉದಾರಿಗಳು ಮೂರನೆಯ ಸಾಲನ್ನೂ ಬರೆಯುತ್ತಾರೆ: ಅವರು ಇಂಗ್ಲಿಷ್ ಶಿಶುಪ್ರಾಸದ ಅಚ್ಚಿಗೆ ಕನ್ನಡವನ್ನು ಎರಕ ಹೊಯ್ದರು, ಅಂತ್ಯಪ್ರಾಸವನ್ನು ನಮಗೆ ರೂಢಿ ಮಾಡಿಸಿದರು ಎಂದು. ನನ್ನ ತಕರಾರು ಈ ಮೂರನೆಯ ಸಾಲಿನ ಮೇಲೆ. ಮೊದಲಿನ ಎರಡು ಬರೀ ಅಸಡ್ಡೆ; ಇದು ತಪ್ಪು ಓದು. ತರಗತಿಯಿಂದ ತರಗತಿಗೆ ನೋಟ್ಸುಗಳಲ್ಲಿ ನಕಲಾಗುತ್ತ ಇದೀಗ ಸತ್ಯದ ಮರ್ಯಾದೆ ಪಡೆದುಬಿಟ್ಟಿದೆ.

ಆ ಓದಿಗೆ ಆಧಾರವಾಗಿ ಎಲ್ಲರೂ ಎತ್ತಿಕೊಳ್ಳುವುದು ‘ನಾಗರಹಾವೆ’ ಹಾಡನ್ನೇ. ಆದ್ದರಿಂದ ಅದನ್ನೇ ಸಾಕ್ಷಿಕಟ್ಟೆಗೆ ಕರೆಯೋಣ. ಹಾಡು ಓದುಗರಿಗೆ ಬಾಯಿಪಾಠವಿರುತ್ತದೆ. ಸಾಲುಗಳನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ. ಮನಸ್ಸಿನಲ್ಲೇ ಹಾಡಿಕೊಂಡು ಕೈಬೆರಳು ಮಡಿಸುತ್ತ ಬಂದರೆ ಸಾಕು.

ಮೊದಲ ಚರಣದ ಮೂರೂ ಸಾಲುಗಳ ಎರಡನೆಯ ಅಕ್ಷರ ನೋಡಿ: ಗಕಾರ, ಗಕಾರ, ಗಕಾರ. ಎರಡನೆಯ ಚರಣದಲ್ಲಿ ಮೂರೂ ಕಡೆ ಳಕಾರ. ಮೂರನೆಯದರಲ್ಲಿ ಲಕಾರ. ಕೊನೆಯದು ರಕಾರದ ಮೇಲೆ ಹೊರಡುತ್ತದೆ. ಕಾಕತಾಳೀಯ ಎನ್ನುವವರು ಇನ್ನೊಂದು ಹೆಜ್ಜೆ ಮುಂದೆ ಬರಬೇಕು. ಪ್ರಾಸಾಕ್ಷರದ ಹಿಂದಿನ ಅಕ್ಷರ ಒಂದು ಸಾಲಿನಲ್ಲಿ ಗುರುವಾದರೆ ಎಲ್ಲ ಸಾಲಿನಲ್ಲೂ ಗುರುವಾಗಬೇಕು, ಲಘುವಾದರೆ ಎಲ್ಲ ಕಡೆ ಲಘು. ಇದು ಹಳೆಯ ಲಾಕ್ಷಣಿಕರು ಹಾಕಿದ ಕಟ್ಟು. ಪಂಜೆಯವರ ಮೊದಲ ಚರಣದಲ್ಲಿ ಆ ಅಕ್ಷರ ಮೂರೂ ಸಾಲಿನಲ್ಲಿ ದೀರ್ಘ. ಎರಡನೆಯ ಮತ್ತು ಮೂರನೆಯ ಚರಣಗಳಲ್ಲಿ ಮೂರೂ ಕಡೆ ಹ್ರಸ್ವ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಗಜಪ್ರಾಸ, ಮುಂದಿನವು ಸಿಂಹಪ್ರಾಸ. ಹಾವಾಡಿಸುವ ಆಟದ ಹಾಡೊಂದರಲ್ಲಿ ಆನೆಯೂ ಸಿಂಹವೂ ಯಾರ ಗಮನಕ್ಕೂ ಬಾರದೆ ಕೂತಿವೆ. ಯಾವ ಇಂಗ್ಲಿಷ್ ಶಿಶುಪ್ರಾಸದಲ್ಲಿ ಸಾಲಿನ ಎರಡನೆಯ ಅಕ್ಷರಕ್ಕೆ ಇಂಥ ನಿಯಮವಿದೆ ಎಂದು ಎರಕದ ವಾದದವರು ತೋರಿಸಿಕೊಡಲಿ.

ಇನ್ನು ಮಾತ್ರೆ. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಒಟ್ಟು 16. ಸಾಲಿನ ತುದಿಯ ಸ್ವರವನ್ನು ಎಳೆದು ಹಾಡಬೇಕು, ಮಕ್ಕಳು ಹೇಗೂ ಎಳೆದೇ ಹಾಡುತ್ತಾರೆ. (ಮೂರನೆಯ ಚರಣದಲ್ಲಿ ಒಂದು ಗಣ ತುಸು ಎಡವುತ್ತದೆ, ನಿಜ. ಅದೊಂದನ್ನೇ ಹಿಡಿದು ಇಡೀ ಲೆಕ್ಕವನ್ನು ತಳ್ಳಿಹಾಕುವ ವಿದ್ವಾಂಸರು ಹರಿಹರನ ಅಚ್ಚಾದ ಪಾಠಗಳನ್ನೂ ಇಷ್ಟೇ ಬಿಗಿಯಾಗಿ ಅಳೆಯುವರೇ?) ನಾಲ್ಕು ಮಾತ್ರೆಯ ನಾಲ್ಕು ಗಣ, ಆದಿಪ್ರಾಸ, ಅಂತ್ಯಪ್ರಾಸ: ಈ ಮೂರೂ ಒಟ್ಟಿಗೆ ಇರುವ ಬಂಧಕ್ಕೆ ಕನ್ನಡದಲ್ಲಿ ಹೆಸರಿದೆ. ಅದು ಮಂದಾನಿಲ ರಗಳೆ. ಅಂದರೆ ಇಂಗ್ಲಿಷಿನಿಂದ ಬಂತೆಂದು ಹೇಳುವ ಅಂತ್ಯಪ್ರಾಸವೂ ಇಲ್ಲಿ ಹೊರಗಿನದಲ್ಲ. ರಗಳೆಯಲ್ಲಿ ಅದು ನೂರಾರು ವರ್ಷಗಳಿಂದ ಬಾಳ್ವೆ ಮಾಡಿಕೊಂಡಿತ್ತು.

ಎದುರುವಾದ ಊಹಿಸಬಲ್ಲೆ. ರಗಳೆ ಎರಡೆರಡು ಸಾಲಿನ ಜೋಡಿಯಲ್ಲಿ ಓಡುತ್ತದೆ; ಇಲ್ಲಿ ಮೂರು ಸಾಲು, ಮೇಲೊಂದು ಆವರ್ತನ. ಹೌದು. ಪಂಜೆಯವರು ರಗಳೆ ಬರೆದರು ಎಂಬುದು ನನ್ನ ವಾದವಲ್ಲ. ರಗಳೆಯ ಸಾಲನ್ನು ತೆಗೆದುಕೊಂಡು ಪದಗಳ ಪಲ್ಲವಿಯ ಪದ್ಧತಿಗೆ ಕಟ್ಟಿದರು ಎಂದಷ್ಟೇ ಹೇಳುತ್ತಿದ್ದೇನೆ. ಆ ಪದ್ಧತಿಗಾಗಿ ಅವರು ಹಡಗು ಹತ್ತಬೇಕಾಗಿರಲಿಲ್ಲ. ನೇತ್ರಾವತಿಯ ದಂಡೆಯಲ್ಲಿ ಹುಟ್ಟಿದವರ ಕಿವಿಗೆ ಯಕ್ಷಗಾನದ ಭಾಗವತಿಕೆ ಚೆಂಡೆ–ಮದ್ದಳೆಯ ಸಮೇತ ಬೀಳುತ್ತಲೇ ಇರುತ್ತದೆ, ಪ್ರಸಂಗದ ಪದಗಳು ಎರಡನೆಯ ಅಕ್ಷರದ ಪ್ರಾಸವನ್ನು ಇಂದಿಗೂ ಬಿಟ್ಟಿಲ್ಲ. ಹಾಡುಗಬ್ಬವೂ ಆ ಸೀಮೆಗೆ ಹೊಸದಲ್ಲ. ಪಕ್ಕದ ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ದಂಥ ದೊಡ್ಡ ಕಥೆಯನ್ನು 16ನೆಯ ಶತಮಾನದಲ್ಲೇ ಸಾಂಗತ್ಯದಲ್ಲಿ ಹಾಡಿ ಮುಗಿಸಿದ್ದ. ಮನೆಮಾತು ಕೊಂಕಣಿಯಾದ ಪಂಜೆಯವರ ಕಿವಿ ತುಳು ಪಾಡ್ದನಕ್ಕೂ ತೆರೆದಿತ್ತು ಎಂಬುದಕ್ಕೆ 1924ರ ‘ಕೋಟಿ ಚೆನ್ನಯ’ವೇ ಸಾಕ್ಷಿ.

ಹೆಚ್ಚು ಅನ್ಯಾಯವಾಗಿರುವುದು ಆವರ್ತನದ ಸಾಲಿಗೆ. ಒಂದೇ ದೀರ್ಘಾಕ್ಷರ ಮತ್ತೆ ಮತ್ತೆ ಬರುವ ಆ ಸಾಲನ್ನು ‘ಮಕ್ಕಳನ್ನು ರಂಜಿಸಲು ಹಾಕಿದ ಅರ್ಥವಿಲ್ಲದ ಸದ್ದು’ ಎನ್ನುವುದು ವಾಡಿಕೆ. ಬಾಯಿಪಾಠದಲ್ಲಿ ಎಣಿಕೆ ಹೆಚ್ಚುಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ 16 ಮಾತ್ರೆಯ ಸಾಲಿಗೆ ಎಂಟು ದೀರ್ಘವೇ ಸರಿಯಾದ ಪಾಠ. ಆದರೆ ಆ ಅಕ್ಷರ ಚರಣದಿಂದ ಚರಣಕ್ಕೆ ಬದಲಾಗುವುದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ? ಮೊದಲನೆಯದು ಹಾವನ್ನು ಕರೆಯುತ್ತದೆ, ಎರಡನೆಯದು ಎದುರು ನಿಂತ ಹಾವನ್ನೇ ಉದ್ದೇಶಿಸುತ್ತದೆ, ಮೂರನೆಯದು ಅದರ ನಿಧಿಯನ್ನು ಬೇಡುತ್ತದೆ, ನಾಲ್ಕನೆಯದು ಸಾಕು ಹೊರಡು ಎನ್ನುತ್ತದೆ. ಹಾವಾಡಿಗನ ಭಕ್ತಿ, ಆಸೆ, ಕೊನೆಗೆ ಅಂಜಿಕೆ, ನಾಲ್ಕು ಅಕ್ಷರಗಳಲ್ಲಿ ಒಂದು ಪೂರ್ತಿ ಕಥೆ. ಹೀಗೆ ಮಿತವಾಗಿ ಕಥೆ ಹೇಳಿದವರು 1900ರಲ್ಲಿ ‘ಸುವಾಸಿನಿ’ ಪತ್ರಿಕೆಗೆ ಸಣ್ಣಕತೆ ಬರೆದ ಅದೇ ಪಂಜೆ ಎಂಬುದು ನೆನಪಿರಲಿ.

ಅರ್ಥವಿಲ್ಲದ್ದೆಂದು ಸದ್ದನ್ನು ತಳ್ಳಿಹಾಕುವ ಚಾಳಿ ನಮ್ಮದೊಂದೇ ಅಲ್ಲ. ಅಮೆರಿಕದ ರಾಕ್ ಅಂಡ್ ರೋಲ್ ಹಾಡಿನ ಮೊದಲಿಗರಲ್ಲಿ ಒಬ್ಬನಾದ ಲಿಟಲ್ ರಿಚರ್ಡ್ 1955ರಲ್ಲಿ ‘ಟುಟ್ಟಿ ಫ್ರೂಟಿ’ಯನ್ನು ಕೋಶದಲ್ಲಿ ಸಿಗದ ಅಕ್ಷರಗಳ ಒಂದು ಸರದಿಂದ ಶುರು ಮಾಡಿದ. ಅದು ಅವನ ತಲೆಯೊಳಗೆ ಕೇಳುತ್ತಿದ್ದ ಡ್ರಮ್ಮಿನ ಪೆಟ್ಟು. ವಾದ್ಯ ಹಿಡಿಯುವ ಮೊದಲೇ ಬಾಯಿ ತಾಳ ಹಾಕಿತು. ಮರುವರ್ಷ ಅದೇ ಹಾಡನ್ನು ಪ್ಯಾಟ್ ಬೂನ್ ನಯಗೊಳಿಸಿ ಹಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೂಲಕ್ಕಿಂತ ಮೇಲೇರಿತು. ಇಂದು ಸಂಗೀತದ ಚರಿತ್ರೆ ಯಾರನ್ನು ಮೂಲಪುರುಷ ಎನ್ನುತ್ತದೆ ಎಂಬುದನ್ನು ಹೇಳಬೇಕಿಲ್ಲ. ಅಲ್ಲಿ ಲೆಕ್ಕ ಸರಿಪಡಿಸಿದವರು ತಾಳವನ್ನು ಕಿವಿಯಿಂದ ಓದಿದವರು. ನಮ್ಮಲ್ಲಿ ಆ ದಾರಿಯನ್ನು ತೋರಿಸಿದವರು ದಕ್ಷಿಣ ಕನ್ನಡದವರೇ ಆದ ಸೇಡಿಯಾಪು ಕೃಷ್ಣ ಭಟ್ಟರು, ತಮ್ಮ ‘ಛಂದೋಗತಿ’ಯಲ್ಲಿ. ಈ ಲೇಖನ ಆ ಪಂಥದ್ದು. ಗುರುತಿನ ಚೀಟಿಯನ್ನು ನಾನು ಬಚ್ಚಿಡುವುದಿಲ್ಲ.

ಒಂದೇ ಹಾಡಿನ ಮೇಲೆ ಇಷ್ಟೊಂದು ಭಾರ ಹೇರಬಹುದೇ? ‘ತೆಂಕಣ ಗಾಳಿಯಾಟ’ವನ್ನು ಎತ್ತಿಕೊಳ್ಳಿ. ಸಾಲುಗಳ ನಡೆ ಅದೇ ನಾಲ್ಕು ಮಾತ್ರೆಯದು. ಗಾಳಿಯ ಸದ್ದನ್ನು ಹಿಡಿಯುವ ಭಾಗದಲ್ಲಿ ಸಕಾರದ ಆದಿಪ್ರಾಸ ಸಾಲಿನಿಂದ ಸಾಲಿಗೆ ಬಂದು, ಪ್ರಾಸವೇ ಗಾಳಿಯ ಉಸಿರಾಗಿಬಿಡುತ್ತದೆ. ಶಾಸ್ತ್ರದ ಹೊರೆ ಎಂದು ಬಿಟ್ಟುಬಿಡುತ್ತಿದ್ದ ಪ್ರಾಸಕ್ಕೆ ಅವರು ಹೊಸ ಕೆಲಸ ಕೊಟ್ಟರು. ಮಡಿಕೇರಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಕವಿ ಕೊಡಗಿಗೆ ಬರೆದುಕೊಟ್ಟ ‘ಹುತ್ತರಿ ಹಾಡಿ’ನಲ್ಲಿ ನಡೆ ಬೇರೆ: ಮೂರು–ನಾಲ್ಕು, ಮೂರು–ನಾಲ್ಕು. ಭಾಮಿನಿಯ ಗತಿ. ಹಾವಿಗೊಂದು ತಾಳ, ಕೊಡಗಿಗೊಂದು ತಾಳ ಎಂದು ಆರಿಸಿಕೊಳ್ಳಬಲ್ಲವರನ್ನು ‘ಅಚ್ಚಿಗೆ ಎರಕ ಹೊಯ್ದವರು’ ಎನ್ನುವುದು ಹೇಗೆ? ಇಂಗ್ಲಿಷಿನಿಂದ ಅವರು ಪಡೆದದ್ದು ಇದ್ದೇ ಇದೆ. ‘ಇಲಿಗಳ ಥಕ ಥೈ’ಯ ಕಥೆ ಬ್ರೌನಿಂಗನದು. ಅದು ವಸ್ತುವಿನ ಸಾಲ. ನಡೆಯನ್ನು ಅವರು ಊರಿನಿಂದಲೇ ತಂದರು.

ಇಲ್ಲಿ ಒಂದು ಸೋಜಿಗವನ್ನೂ ಹೇಳಿಬಿಡಬೇಕು. 1911ರಲ್ಲಿ ಆದಿಪ್ರಾಸವನ್ನು ಬಹಿರಂಗವಾಗಿ ಬಿಟ್ಟುಕೊಟ್ಟ ಮಂಜೇಶ್ವರದ ಗೋವಿಂದ ಪೈಗಳು ಇದೇ ಪಂಜೆಯವರ ಶಿಷ್ಯರು. ಶಿಷ್ಯ ಪ್ರಾಸವನ್ನು ಬಿಟ್ಟದ್ದು ಚರಿತ್ರೆಯಾಯಿತು. ಗುರು ಅದನ್ನು ಯಾರಿಗೂ ತಿಳಿಯದಂತೆ ಉಳಿಸಿಕೊಂಡದ್ದು ಆಗಲಿಲ್ಲ. ತಮ್ಮನ್ನು ‘ಕವಿಶಿಷ್ಯ’ ಎಂದು ಕರೆದುಕೊಂಡವರು ಪಾಂಡಿತ್ಯವನ್ನು ಮೆರೆಸುವ ಜಾತಿಯವರಲ್ಲ. ಮೆರೆಸದ್ದರಿಂದಲೇ ವಿಮರ್ಶಕರ ಕಣ್ಣಿಗೆ ಬೀಳಲಿಲ್ಲ. ಪ್ರಾಸತ್ಯಾಗವನ್ನು ಆಧುನಿಕತೆಯ ಏಕೈಕ ಹೆಬ್ಬಾಗಿಲು ಮಾಡಿಕೊಂಡ ನಮ್ಮ ಚರಿತ್ರೆಕಾರರಿಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದವರು ಕಾಣಿಸುವುದಿಲ್ಲ.

ಪ್ರಭಾವದ ಮಾತು. ಮುಂದಿನವರು ಪಂಜೆಯವರಿಂದ ಏನನ್ನು ಪಡೆದರು, ಏನನ್ನು ಬಿಟ್ಟರು ಎಂದು ಕೇಳಿದರೆ ಉತ್ತರ ಸ್ಪಷ್ಟ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯಲ್ಲಿ ನಾಲ್ಕು ಮಾತ್ರೆಯ ನಡೆಯೂ ಅಂತ್ಯಪ್ರಾಸದ ಜೋಡಿಯೂ ಉಳಿದಿವೆ, ಆದಿಪ್ರಾಸ ಹೋಗಿದೆ. ಆಮೇಲಿನ ಶಿಶುಗೀತೆಗಳ ಮುಖ್ಯ ಪ್ರವಾಹ ಇದೇ ದಾರಿ ಹಿಡಿಯಿತು. ನಾವು ಪ್ರಭಾವವನ್ನು ಹಿಂದಕ್ಕೆ ಓದುವವರಾದ್ದರಿಂದ, ರಾಜರತ್ನಂ ಅವರಲ್ಲಿ ಕಾಣುವಷ್ಟನ್ನೇ ಪಂಜೆಯವರಲ್ಲೂ ಕಂಡೆವು. ಮೂಲಪುರುಷನನ್ನು ವಾರಸುದಾರರ ಅಳತೆಯಲ್ಲಿ ಅಳೆದರೆ ಆಗುವ ಎಡವಟ್ಟು ಇದು.

ಉಳಿದದ್ದು ಕೆಲಸದ ಮಾತು. 1934ರ ರಾಯಚೂರು ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿದ ಕವಿಯನ್ನು ನಾಡು ಹೆಚ್ಚಾಗಿ ಬಲ್ಲದ್ದು ಶಾಲೆಯ ಪುಸ್ತಕಗಳ ಮೂಲಕ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಹಳೆಯ ಪದ್ಯಪುಸ್ತಕಗಳನ್ನು ‘ಪಠ್ಯ’ ಎಂದು ಮೂಗು ಮುರಿದು ಬದಿಗಿಟ್ಟವರೇ ಕಾವ್ಯಚರಿತ್ರೆ ಬರೆದರು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದ ಬಾಗಿಲು ತಟ್ಟಿದರೆ ಮಿಷನ್ ಪ್ರೆಸ್ಸಿನ ಪುಸ್ತಕಗಳು ಸಿಗುತ್ತವೆ. ಪಂಜೆಯವರ ಒಂದೊಂದು ಹಾಡೂ ಮೊದಲು ಯಾವ ಪುಸ್ತಕದಲ್ಲಿ, ಯಾವ ವರ್ಷದಲ್ಲಿ, ಯಾವ ಪಾಠದಲ್ಲಿ ಅಚ್ಚಾಯಿತು ಎಂದು ಕ್ರಮವಾಗಿ ಗುರುತಿಸುವ ಕೆಲಸಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳೇ ಮುಂದಾಗಬೇಕು. ಸಂಕಲನಕಾರರಲ್ಲಿಯೂ ಒಂದು ಕೋರಿಕೆ: ‘ನಾಗರಹಾವೆ’ಯನ್ನು ಅಚ್ಚು ಹಾಕುವಾಗ ಆವರ್ತನದ ಎಂಟು ಅಕ್ಷರಗಳಲ್ಲಿ ಒಂದನ್ನೂ ಜಾಗ ಸಾಲದೆಂದು ಕತ್ತರಿಸಬೇಡಿ.